ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವಿತವೂ ಆಧಾರ ಹೇಳುವ ವಿದ್ಯೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳ ಕನ್ಯೆಯರು ಚರಿತ್ರೆಯ ನಿಬಂಧವನ್ನು ಬರೆಯಬೇಕಾದಾಗ ಬಹುಮಟ್ಟಿಗೆ ತಮ್ಮ ಸೀಮೆಯ ಮಹಾಪುರುಷರನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಾರೆ. ಇದು ಯೋಗ್ಯವೇ ಸರಿ. ಆದರೆ ಆ ನಿಬಂಧಗಳ ಅಂಚಿನಲ್ಲಿ ಈ ಸಂಗತಿ ನಿನಗೆ ಎಲ್ಲಿಂದ ತಿಳಿಯಿತು ಎಂದು ನಾವು ಬರೆದು ಕಳುಹಿಸಿದರೆ, ಎಲ್ಲರೂ ಹೇಳುತ್ತಾರೆ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಎಲ್ಲರೂ ಹೇಳುವ ಮಾತಿಗೂ ಮೊದಲು ಒಬ್ಬರು ಹೇಳಿದವರಿರಬೇಕಷ್ಟೆ. ಆ ಒಬ್ಬರನ್ನು ಹುಡುಕಿಕೊಂಡು ಹೋಗುವ ಕೆಲಸಕ್ಕೆ ತಮ್ಮ ಆಯುಷ್ಯವನ್ನೂ ಆಸ್ತಿಯನ್ನೂ ತೆತ್ತ ಮಹನೀಯರೊಬ್ಬರು ನಮ್ಮ ಈ ಜಿಲ್ಲೆಯಲ್ಲಿಯೇ ಇದ್ದರು. ಅವರ ಜೀವಿತವನ್ನು ವಿದ್ಯಾರ್ಥಿನಿಯರ ಮುಂದೆ ಇಡಬೇಕೆಂಬುದು ಈ ಲೇಖನದ ಉದ್ದೇಶ.

ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಗ್ರಂಥಕರ್ತರೂ ಹೌದು. ಆದಕಾರಣ ಪುಸ್ತಕದ ಮೇಲಣ ಪ್ರೀತಿಯು ಬಾಲಕನಿಗೆ ಮನೆಯಿಂದಲೇ ಬಂದಿತೆಂದು ನಾವು ಭಾವಿಸಬಹುದು. ಧಾರವಾಡದಲ್ಲಿ ಶಾಲೆಯ ವ್ಯಾಸಂಗವನ್ನು ತೀರಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ ಪದವಿಯನ್ನು ಪಡೆದರು, ಬಳಿಕ ಕಾಯದೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾದರು. ಮುಂಬಯಿಯಲ್ಲಿ ಗುಜರಾತಿಗಳೂ ಮರಾಠಿಗರೂ ತಮ್ಮ ತಮ್ಮ ನುಡಿಗಾಗಿ ಸಂಘಗಳನ್ನು ಕಟ್ಟಿ, ಪತ್ರಿಕೆಗಳನ್ನು ನಡೆಸಿ, ಹಳೆಯ ಗ್ರಂಥಗಳನ್ನು ಅಚ್ಚು ಹಾಕಿಸುತ್ತಿದ್ದುದನ್ನು ಕಂಡು ಆ ಕನ್ನಡ ತರುಣನಿಗೆ ತನ್ನ ನಾಡಿನ ಸ್ಥಿತಿಯು ಚುಚ್ಚಿತು. ಆ ಕಾಲಕ್ಕೆ ಉತ್ತರ ಕರ್ನಾಟಕದ ಕಚೇರಿಗಳಲ್ಲಿಯೂ ಸಭೆಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದಿತು. ಕನ್ನಡವು ಮನೆಯ ಮಾತು ಮಾತ್ರವಾಗಿದ್ದಿತು.

1904ರ ಸುಮಾರಿಗೆ ಅವರು ವಿಜಾಪುರಕ್ಕೆ ಬಂದು ವಕೀಲಿಯನ್ನು ಆರಂಭಿಸಿದರು. ಈ ಊರೇ ಅವರ ಕರ್ಮಭೂಮಿಯಾಯಿತು. ವಕೀಲರಾಗಿ ಹೆಸರು ಮಾಡಿದರು, ಸರಕಾರಿ ವಕೀಲರೂ ಆದರು. 1910ರಲ್ಲಿ ವಿದ್ಯಾಪ್ರಸಾರಕ್ಕಾಗಿ ಲಿಂಗಾಯತ ಜಿಲ್ಲಾ ವಿದ್ಯಾಸಂಸ್ಥೆಯನ್ನು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸುವುದರಲ್ಲಿ ಮುಂದಾಳಾದರು. 1920ರಲ್ಲಿ ಮುಂಬಯಿ ಶಾಸನಸಭೆಗೆ ಆರಿಸಿಬಂದರು. ಇಷ್ಟು ಮಾತ್ರ ಮಾಡಿದ್ದರೂ ಒಬ್ಬ ಜಿಲ್ಲಾ ಮುಖಂಡರೆಂದು ಅವರ ಭಾವಚಿತ್ರವು ಎಲ್ಲಿಯಾದರೂ ಒಂದು ಗೋಡೆಯ ಮೇಲೆ ಇರುತ್ತಿದ್ದಿತು. ನಾವು ಅವರನ್ನು ನೆನೆಯುವುದು ಇವುಗಳಿಗಾಗಿ ಅಲ್ಲ.

ರಬಕವಿಯಲ್ಲಿ ಗೃಹಸ್ಥರೊಬ್ಬರ ಮನೆಯಲ್ಲಿ ತರುಣ ಹಳಕಟ್ಟಿಯವರು ಶರಣರ ವಚನಗಳುಳ್ಳ ಓಲೆಗರಿಯ ಕಟ್ಟುಗಳನ್ನು ಕಂಡರು. ಅಂದಿನ ಕಾಲಕ್ಕೆ ಇಂಥ ಕಟ್ಟುಗಳು ಮಠಗಳಲ್ಲಿಯೂ ಹಳ್ಳಿಯ ಮನೆಗಳ ಜಂತಿಯ ಮೇಲೆಯೂ ಅಲ್ಲಲ್ಲಿ ಇದ್ದವು. ಜನರು ಅವುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ದಸರೆಯ ದಿನ ಹೂವೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಗೆದ್ದಲು ತಿಂದು ಪುಡಿಯಾದ ಕಟ್ಟುಗಳನ್ನು ಕಸದಲ್ಲಿ ಚೆಲ್ಲಲು ಅಂಜಿ ಹೊಳೆಗೆ ಬಿಡುತ್ತಿದ್ದುದೂ ಉಂಟು. ಭಕ್ತಿಯಿಂದಲೇ ಗ್ರಂಥವು ನಾಶವಾಗಬಹುದೆಂಬುದು ವಿಚಿತ್ರವಾದರೂ ನಿಜವಾದ ಸಂಗತಿ.

ಓಲೆಗರಿಯನ್ನು ಕಾಣದ ಕನ್ಯೆಯರಿಗಾಗಿ ನಾಲ್ಕು ಮಾತು ಹೇಳುವೆವು. ತಾಳೆಯ ಎಲೆಯನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಂಟವೆಂಬ ಕಬ್ಬಿಣದ ಮೊನೆಯಿಂದ ಅಕ್ಷರಗಳನ್ನು ಕೊರೆಯುವರು. ಬಳಿಕ ಕಾಡಿಗೆಯನ್ನು ತಿಕ್ಕಿದರೆ ಕೊರೆದ ಗೆರೆಗಳಲ್ಲಿ ಕಪ್ಪು ನಿಂತು ಬರಹವು ಕಾಣುತ್ತದೆ. ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಪಟ್ಟಿಗಳನ್ನಿಟ್ಟು ಕಟ್ಟುವರು. ಅದರಲ್ಲಿ ಒಂದು ಶಬ್ದಕ್ಕೂ ಇನ್ನೊಂದು ಶಬ್ದಕ್ಕೂ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ. ಒಂದು ವಚನವು ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ತೊಡಗಿತು ಎಂಬುದನ್ನು ಓದುವವನೇ ಕಂಡುಕೊಳ್ಳಬೇಕು. ಲಿಪಿಕಾರನು ನಿದ್ದೆಗಣ್ಣಿನಲ್ಲಿ ಒಂದು ಸಾಲನ್ನು ಬಿಟ್ಟಿದ್ದರೆ ಅದನ್ನೂ ಊಹಿಸಬೇಕು. ಕೋರ್ಟಿನ ಕೆಲಸವನ್ನು ಮುಗಿಸಿದ ಮೇಲೆ ಈ ಗರಿಗಳನ್ನು ಒಂದೊಂದಾಗಿ ಓದಿ ಕಾಗದಕ್ಕೆ ಇಳಿಸುವ ಕೆಲಸವನ್ನು ಹಳಕಟ್ಟಿಯವರು ವರ್ಷಗಟ್ಟಲೆ ಮಾಡಿದರು. ಊರೂರು ತಿರುಗಿ ಕಟ್ಟುಗಳನ್ನು ಬೇಡಿ ತಂದರು. ಕೊಡಲೊಲ್ಲದವರ ಮನೆಯಲ್ಲಿಯೇ ಕುಳಿತು ಪ್ರತಿಮಾಡಿದರು. ಅವರ ಸಂಗ್ರಹವು ಸಾವಿರವನ್ನು ದಾಟಿತೆಂದು ಅವರ ಚರಿತ್ರಕಾರರು ಬರೆಯುತ್ತಾರೆ.

ಅವರ ವಕೀಲಿಯೂ ಅವರ ಶೋಧವೂ ಬೇರೆ ಬೇರೆ ಎಂದು ಕೆಲವರು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ನ್ಯಾಯಾಲಯದಲ್ಲಿ ಹೊಲದ ದಾವೆಯೊಂದು ನಡೆದಾಗ, ಈ ಹೊಲ ನಮ್ಮದೆಂದು ಊರೆಲ್ಲ ಬಲ್ಲದು ಎಂದರೆ ನ್ಯಾಯಾಧೀಶರು ಒಪ್ಪುವುದಿಲ್ಲ. ಕಾಗದವೆಲ್ಲಿ, ಬರೆದವರಾರು, ಯಾವ ವರ್ಷದ್ದು, ಕಣ್ಣಾರೆ ಕಂಡವನೇ ಸಾಕ್ಷಿ ನುಡಿಯುತ್ತಿರುವನೋ ಅಥವಾ ಕೇಳಿ ಹೇಳುವವನೋ ಎಂದು ವಿಚಾರಿಸುತ್ತಾರೆ. ದಿನವೂ ಈ ಪ್ರಶ್ನೆಗಳ ನಡುವೆ ಬಾಳಿದವರು ವಚನಗಳ ಬಳಿಗೆ ಬಂದಾಗಲೂ ಅದೇ ಪ್ರಶ್ನೆಗಳನ್ನು ತಂದರೆಂದು ನಾವು ನಂಬುತ್ತೇವೆ.

ವಚನಗಳಲ್ಲಿ ಈ ಪ್ರಶ್ನೆಗೆ ಉತ್ತರವು ಬರಹದೊಳಗೇ ಅಡಗಿದೆ. ಪ್ರತಿಯೊಬ್ಬ ಶರಣರಿಗೂ ಅಂಕಿತವೊಂದುಂಟು. ಅದು ಅವರವರ ರುಜುವಿನಂತೆ. ಬಸವಣ್ಣನವರದು ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವೆ ಒಂದು ಪದ ಜಾರಿದರೆ ಅಳಿಯನ ಮಾತು ಮಾವನದಾಗಿ ಬಿಡುತ್ತದೆ. ಸಿಂದಗಿಯ ಸೀಮೆಗೆ ಬಹುಕಾಲ ಸೇರಿದ್ದ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನವರದು ಕಲಿದೇವರದೇವ. ಕನ್ಯೆಯರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕಾದ ಉದಾಹರಣೆ ಬೇರೊಂದಿದೆ. ಆಯ್ದಕ್ಕಿ ಮಾರಯ್ಯನ ಅಂಕಿತವು ಅಮರೇಶ್ವರಲಿಂಗ. ಅವನ ಹೆಂಡತಿ ಲಕ್ಕಮ್ಮನ ಅಂಕಿತವು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಅವಸರದಿಂದ ಓದುವವನು ಕೊನೆಯ ಪದವನ್ನಷ್ಟೇ ನೋಡಿದರೆ, ತಪ್ಪು ನಡೆದ ಗಂಡನಿಗೇ ಬುದ್ಧಿ ಹೇಳಿದ ಆ ದಿಟ್ಟ ಹೆಣ್ಣುಮಗಳ ಮಾತೆಲ್ಲವೂ ಗಂಡನ ಖಾತೆಗೆ ಜಮೆಯಾಗುತ್ತದೆ. ಬಸವಣ್ಣನವರ ಅಕ್ಕ ನಾಗಮ್ಮನ ಅಂಕಿತವು ಬಸವಣ್ಣಪ್ರಿಯ ಚೆನ್ನಸಂಗಯ್ಯ. ಪತ್ನಿ ನೀಲಮ್ಮನದು ಸಂಗಯ್ಯ. ಮುದ್ದೇಬಿಹಾಳದ ಕನ್ಯೆಯರಿಗೆ ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ನೀಲಮ್ಮನ ಸ್ಮಾರಕವಿರುವುದು ಗೊತ್ತು. ಆಕೆಯು ಸ್ವತಃ ವಚನಕಾರ್ತಿಯೆಂಬುದು ಎಷ್ಟು ಮಂದಿಗೆ ಗೊತ್ತೋ ಹೇಳಲಾರೆವು. ಹಳಕಟ್ಟಿಯವರ ಶೋಧಕ್ಕೆ ಮೊದಲು ಸುಮಾರು 50 ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಅವರ ಶೋಧದ ತರುವಾಯ ಆ ಸಂಖ್ಯೆಯು 200ನ್ನು ಮೀರಿತು. ಹೆಚ್ಚಿದವರಲ್ಲಿ ಮಡಿವಾಳರೂ ಅಂಬಿಗರೂ ನೂಲುವವರೂ ಹೆಂಗಸರೂ ಇದ್ದಾರೆ. ಇದು ನನ್ನದಲ್ಲ, ಇಂಥವರದು ಎಂದು ಬರೆಯುವ ಒಂದು ಸಾಲಿನಲ್ಲಿ ಎಷ್ಟು ಮಂದಿಯ ಬಾಳು ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

1922ರಲ್ಲಿ ಅವರು ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ ಇಂಡಿಯನ್ ಆಂಟಿಕ್ವರಿ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. ಅದು ಅಚ್ಚಾದುದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಈ ಗ್ರಂಥದ ವಿಷಯದಲ್ಲಿ ಎಲ್ಲರ ಬಾಯಲ್ಲಿರುವ ಒಂದು ಮಾತನ್ನು ನಮ್ಮಂಥ ಮಿಶನ್ ಶಾಲೆಯ ಪುಸ್ತಕದಲ್ಲಿ ಮುಚ್ಚಿಡುವುದು ಸರಿಯಲ್ಲ. ಹಳಕಟ್ಟಿಯವರು ಮೊದಲು ತಮ್ಮ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು, ಅಲ್ಲಿನವರು ಅದನ್ನು ಅಚ್ಚುಮಾಡದೆ ಹಿಂದಿರುಗಿಸಿದರು ಎಂಬುದೇ ಆ ಮಾತು. ಕೆಲವರು ಇನ್ನೂ ಮುಂದೆ ಹೋಗಿ, ಇಷ್ಟು ಉನ್ನತವಾದ ಬೋಧೆಯು ಕನ್ನಡದಲ್ಲಿಯೇ ಇದೆಯೆಂದು ಜನರಿಗೆ ತಿಳಿದರೆ ತಮ್ಮ ಸುವಾರ್ತೆಯನ್ನು ಕೇಳುವವರಾರು ಎಂದು ಜರ್ಮನ್ ಪಾದ್ರಿಗಳು ಅಂಜಿದರೆಂದು ಹೇಳುತ್ತಾರೆ.

ಇದನ್ನು ನಿಬಂಧದಲ್ಲಿ ಹೇಗೆ ಬರೆಯಬೇಕು? ಮಿಶನ್ ಶಾಲೆಯ ಹುಡುಗಿಯು ಅಭಿಮಾನದಿಂದ ಸುಳ್ಳೆಂದು ತಳ್ಳಿಹಾಕಬಾರದು. ಬೇರೆಯವಳು ಉತ್ಸಾಹದಿಂದ ಸಿದ್ಧಸಂಗತಿಯೆಂದು ಬರೆಯಬಾರದು. ಹಸ್ತಪ್ರತಿಯು ಮಂಗಳೂರಿಗೆ ಹೋಗಿ ಹಿಂದಕ್ಕೆ ಬಂದಿತೆಂಬುದು ಅವರ ಚರಿತ್ರೆಗಳಲ್ಲಿ ಹೇಳಿದ ಸಂಗತಿ. ಅದನ್ನು ಆ ಚರಿತ್ರೆಯ ಹೆಸರು ಹೇಳಿ ಬರೆಯತಕ್ಕದ್ದು. ಹಿಂದಿರುಗಿಸಿದವರ ಮನಸ್ಸಿನೊಳಗೆ ಏನಿದ್ದಿತೆಂಬುದು ಬೇರೆಯ ಪ್ರಶ್ನೆ. ಅದಕ್ಕೆ ಅವರದೇ ಪತ್ರವು ಸಾಕ್ಷಿಯಾಗಬೇಕೇ ಹೊರತು ಎರಡು ತಲೆಮಾರಿನ ಬಳಿಕ ಕೇಳಿದ ಮಾತು ಸಾಲದು. ಇನ್ನೊಂದು ವಿಚಾರವನ್ನೂ ಗಮನಿಸಬೇಕು. 1914ರಲ್ಲಿ ಮೊದಲನೆಯ ಮಹಾಯುದ್ಧವು ಹೊತ್ತಿಕೊಂಡ ಮೇಲೆ ಜರ್ಮನ್ ಮಿಶನರಿಗಳನ್ನು ಸರಕಾರವು ಸೆರೆಯಲ್ಲಿಟ್ಟು ಸ್ವದೇಶಕ್ಕೆ ಕಳುಹಿಸಿತು. ವಚನಶಾಸ್ತ್ರಸಾರದ ಮಾತು ಅದಾದ ಮೇಲಿನದು. ಆದುದರಿಂದ ಜರ್ಮನ್ ಪಾದ್ರಿಗಳೆಂದು ಬರೆಯುವವಳು ಆ ವರ್ಷ ಮುದ್ರಣಾಲಯದ ಆಡಳಿತವು ಯಾರ ಕೈಯಲ್ಲಿತ್ತೆಂದು ಮೊದಲು ನೋಡಿಕೊಳ್ಳತಕ್ಕದ್ದು. ಅದೇ ಮಂಗಳೂರಿನ ಮುದ್ರಣಾಲಯವು 1894ರಲ್ಲಿ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟನ್ನು ಅಚ್ಚುಹಾಕಿತ್ತೆಂಬುದನ್ನೂ ಇಲ್ಲಿಯೇ ಹೇಳಿಬಿಡುವೆವು. ಆ ದೊಡ್ಡ ಪುಸ್ತಕವನ್ನು ತೆರೆದು ನೋಡಿದ ಕನ್ಯೆಯರು ಶಬ್ದದ ಮುಂದೆ ಸಣ್ಣ ಸಂಕ್ಷೇಪಾಕ್ಷರಗಳನ್ನು ಕಂಡಿರಬೇಕು. ಈ ಶಬ್ದವು ಯಾವ ಗ್ರಂಥದಲ್ಲಿದೆಯೆಂಬುದಕ್ಕೆ ಅವು ಸೂಚನೆಗಳು. ಸಾವಿರಾರು ಶಬ್ದಗಳಿಗೆ ಇಂಥ ಆಧಾರವನ್ನು ಕೊಡುವ ತಾಳ್ಮೆ ಸಾಮಾನ್ಯವಾದುದಲ್ಲ. ಹಳಕಟ್ಟಿಯವರೂ ಕಿಟ್ಟೆಲರೂ ಬೇರೆ ಬೇರೆ ಶ್ರದ್ಧೆಯವರಾದರೂ ಒಂದೇ ವಿದ್ಯೆಯ ಕೂಲಿಗಳು.

ಪರರ ಅಚ್ಚುಮನೆಯನ್ನು ನಂಬಿದರೆ ಕೆಲಸವು ಸಾಗದೆಂದು ಕಂಡ ಹಳಕಟ್ಟಿಯವರು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಇದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಮುಂದೆ ಬಾಡಿಗೆಯ ಮನೆಯಲ್ಲಿ ಬಾಳಿದರು. 1926ರಲ್ಲಿ ಶಿವಾನುಭವವೆಂಬ ಸಂಶೋಧನ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಶಿವಾನುಭವವು ಮೂರು ದಶಕಗಳ ಮೇಲೆ ನಡೆಯಿತು. ಬರೆಯುವವರು ತಾವು, ಕರಡು ತಿದ್ದುವವರು ತಾವು, ಚಂದಾ ಕೇಳುವವರೂ ತಾವೇ. ಹರಿಹರನ ರಗಳೆಗಳನ್ನು, ಶೂನ್ಯಸಂಪಾದನೆಯನ್ನು, ಒಬ್ಬೊಬ್ಬ ಶರಣರ ವಚನಗಳನ್ನು ಒಂದರ ಹಿಂದೆ ಒಂದರಂತೆ ಅಚ್ಚಿಗೆ ತಂದರು. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವಿಯು ಅವರಿಗೆ ಬಂದಿತು. ವಕೀಲಿಯ ಹಣವು ಅಚ್ಚಿನ ಮೊಳೆಗಳಲ್ಲಿ ಕರಗಿತು. ಶ್ರೀಮಂತ ವಕೀಲರಾಗಿ ಸಾಯಬಹುದಾಗಿದ್ದ ಅವರು ಬಡ ಸಂಪಾದಕರಾಗಿ ಬಾಳಿದರು. ಮನೆಯ ಹೆಣ್ಣುಮಕ್ಕಳು ಆ ಬಡತನವನ್ನು ಹೇಗೆ ಹೊತ್ತರೆಂಬುದನ್ನು ಚರಿತ್ರಕಾರರು ಇನ್ನಷ್ಟು ಬರೆಯಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

ಅವರ ವಿಧಾನವು ನಿರ್ದೋಷವಾಗಿತ್ತೆಂದು ನಾವು ಹೇಳುವುದಿಲ್ಲ. ವಚನಶಾಸ್ತ್ರಸಾರದಲ್ಲಿ ಅವರು ವಚನಗಳನ್ನು ವಿಷಯಕ್ಕನುಸಾರವಾಗಿ ಜೋಡಿಸಿದರು. ಜನರಿಗೆ ಓದಲು ಅದು ಅನುಕೂಲ. ಆದರೆ ಪ್ರತಿಯೊಂದು ಪಾಠವು ಯಾವ ಕಟ್ಟಿನ ಯಾವ ಗರಿಯದೆಂದು, ಬೇರೆ ಕಟ್ಟಿನಲ್ಲಿ ಅದೇ ವಚನವು ಹೇಗೆ ಭಿನ್ನವಾಗಿದೆಯೆಂದು ಸಾಲು ಸಾಲಾಗಿ ತೋರಿಸುವ ಪದ್ಧತಿಯು ಅವರ ಹಿಂದೆ ಬಂದ ಶಿ. ಶಿ. ಬಸವನಾಳರಂಥವರಲ್ಲಿ ಬಲಿಯಿತು. 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿದಾಗ ಅದರ ಪ್ರಧಾನ ಸಂಪಾದಕರಾಗಿದ್ದ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದವರು. ಹಿರಿಯರು ಬಿಟ್ಟ ಕೊರತೆಯನ್ನು ಕಿರಿಯರು ತುಂಬುವುದಕ್ಕೆ ಸಾಧ್ಯವಾದುದು ಹಿರಿಯರು ಕಟ್ಟುಗಳನ್ನು ಹೊಳೆಯಿಂದ ಉಳಿಸಿದ್ದರಿಂದ.

ಇನ್ನು ಬಾಗೇವಾಡಿಯ ಕನ್ಯೆಯರ ಮಾತಿಗೆ ಬರುವೆವು. ಬಸವಣ್ಣನವರು ನಮ್ಮ ಊರಿನವರೆಂದು ಅವರು ಬರೆಯುತ್ತಾರೆ. ಆಧಾರವೇನು? ಪುರಾಣಗಳುಂಟು, ಭೀಮಕವಿಯ ಕನ್ನಡ ಬಸವಪುರಾಣವು 1369ರದು, ಎಂದರೆ ಬಸವಣ್ಣನವರ ಕಾಲಕ್ಕಿಂತ 200 ವರ್ಷ ಈಚಿನದು. ನಮಗೆ ದೊರೆತಿರುವ ವಚನದ ಓಲೆಗರಿಗಳೂ ಶತಮಾನಗಳ ಬಳಿಕ ಪ್ರತಿಮಾಡಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸನಗಳನ್ನು ಓದುವುದರಲ್ಲಿ ನಿಷ್ಣಾತರಾಗಿದ್ದ ಫ್ಲೀಟ್ ಸಾಹೇಬರು ಪುರಾಣದ ಮಾತನ್ನು ಶಾಸನವು ಸಮರ್ಥಿಸುವುದಿಲ್ಲವೆಂದು ಸಂಶಯಪಟ್ಟು, ಅಬ್ಬಲೂರಿನ ಶಾಸನದಲ್ಲಿ ಹೆಸರಿರುವ ಏಕಾಂತದ ರಾಮಯ್ಯನಿಗೆ ಮೊದಲ ಸ್ಥಾನವನ್ನು ಕೊಟ್ಟರು. ಅನೇಕರು ಇದರಿಂದ ನೊಂದುಕೊಂಡರು. ನೊಂದುಕೊಂಡರೆ ಉತ್ತರವಾಗುವುದಿಲ್ಲ. ಉತ್ತರವು ಇನ್ನೊಂದು ಕಲ್ಲಿನಿಂದ ಬಂದಿತು. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿರುವ, ಯಾದವರ ಕನ್ನರ ರಾಜನ ಕಾಲದ, 1260ರ ಶಾಸನದಲ್ಲಿ ಬಸವರಾಜನ ಹೆಸರೂ ಅವನ ತಂದೆ ಮಾದಿರಾಜನ ಹೆಸರೂ ತರ್ದವಾಡಿ ನಾಡಿನ ಬಾಗೇವಾಡಿಯ ಹೆಸರೂ ಇವೆ. ಆ ನಾಡಿಗೆ ಹೆಸರು ಕೊಟ್ಟ ತರ್ದವಾಡಿಯೇ ಇಂಡಿಯ ಸೀಮೆಯಲ್ಲಿ ಭೀಮೆಯ ದಂಡೆಗಿರುವ ಇಂದಿನ ತದ್ದೇವಾಡಿ. ಹೀಗೆ ಇಂಡಿಯ ಒಂದು ಹಳ್ಳಿಯು ಬಾಗೇವಾಡಿಯ ವಿಳಾಸವನ್ನು ಗಟ್ಟಿಮಾಡುತ್ತದೆ. ಬಸವಣ್ಣನವರ ತರುವಾಯ ಒಂದು ಶತಮಾನದೊಳಗಿನ ಕಲ್ಲಿಗೆ ಪುರಾಣಕ್ಕಿಂತ ಹೆಚ್ಚಿನ ತೂಕವುಂಟು. ಹೆತ್ತ ಮನೆ ಬಾಗೇವಾಡಿಯೋ ಇಂಗಳೇಶ್ವರವೋ ಎಂಬ ವಾದಕ್ಕೆ ಮಾತ್ರ ಈ ಕಲ್ಲನ್ನು ಸಾಕ್ಷಿಗೆ ಎಳೆಯಬಾರದು. ತಂದೆಯ ಊರನ್ನು ಹೇಳುವ ಸಾಕ್ಷಿಯು ತೊಟ್ಟಿಲು ತೂಗಿದ ಮನೆಯನ್ನು ಹೇಳಿದಂತಾಗಲಿಲ್ಲ.

ಇಂಡಿಯ ಕನ್ಯೆಯರಿಗೆ ಇನ್ನೊಂದು ಕಲ್ಲನ್ನು ತೋರಿಸುವೆವು. ಸಾಲೋಟಗಿಯ ಶಾಸನವು 945ರದು, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನೂ ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಇರಲು ಬಿಟ್ಟ 27 ಮನೆಗಳನ್ನೂ ಅದು ಹೇಳುತ್ತದೆ. ನಮ್ಮ ಸೀಮೆಯಲ್ಲಿ ಹಿಂದೆ ದೊಡ್ಡ ವಿಶ್ವವಿದ್ಯಾಲಯವಿತ್ತು, ಸಹಸ್ರಾರು ಜನ ಓದುತ್ತಿದ್ದರು ಎಂದು ಬರೆಯುವುದಕ್ಕಿಂತ, 27 ಮನೆಗಳೆಂದು ಬರೆದು ಶಾಸನದ ಊರನ್ನೂ ವರ್ಷವನ್ನೂ ಕೆಳಗೆ ಕೊಟ್ಟರೆ ಆ ಶಾಲೆಯು ಓದುವವರ ಕಣ್ಣಿಗೆ ಕಟ್ಟುತ್ತದೆ.

ಅಡಿಟಿಪ್ಪಣಿಯೆಂದರೆ ಕನ್ಯೆಯರು ಬೇಸರಪಡುವುದನ್ನು ಬಲ್ಲೆವು. ಅದು ದೊಡ್ಡ ಕೆಲಸವಲ್ಲ. ವಚನವನ್ನು ಆಧಾರವಾಗಿ ಹಿಡಿದಾಗ ವಚನಕಾರರ ಹೆಸರು, ಸಂಪಾದಕರ ಹೆಸರು, ಪುಸ್ತಕ, ಅಚ್ಚಾದ ವರ್ಷ, ವಚನದ ಸಂಖ್ಯೆ ಇಷ್ಟನ್ನು ಬರೆದರಾಯಿತು. ಶಾಸನವಾದರೆ ಊರು, ಅರಸು, ವರ್ಷ, ಅದನ್ನು ಅಚ್ಚುಮಾಡಿದ ಸಂಪುಟ. ಅಜ್ಜಿಯು ಹೇಳಿದ ಮಾತಾದರೆ ಅಜ್ಜಿಯ ಹೆಸರು, ವಯಸ್ಸು, ಊರು, ಕೇಳಿದ ದಿನ. ಅಜ್ಜಿಯೂ ಒಂದು ಆಧಾರವೇ, ಆದರೆ ಆಕೆ ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಭೇದವನ್ನು ಬರೆಯಬೇಕು. ಒಂದು ಪುಸ್ತಕದಲ್ಲಿ ಇನ್ನೊಂದು ಪುಸ್ತಕದ ಮಾತನ್ನು ಓದಿದ್ದರೆ ಓದಿದ ಪುಸ್ತಕದ ಹೆಸರನ್ನೇ ಹೇಳಬೇಕು. ಕಾಣದ ಮೂಲವನ್ನು ಕಂಡಂತೆ ಬರೆಯುವುದು ಸುಳ್ಳುಸಾಕ್ಷಿ. ಈಗ ಕೈಯೊಳಗಿನ ಫೋನಿನಲ್ಲಿ ಕ್ಷಣಮಾತ್ರದಲ್ಲಿ ಹತ್ತು ಪುಟಗಳು ಒದಗುತ್ತವೆ. ಒದಗಿದ ಪುಟಕ್ಕೆ ತಂದೆತಾಯಿಗಳ ಹೆಸರಿಲ್ಲದಿದ್ದರೆ ಅದನ್ನು ನಿಬಂಧದೊಳಗೆ ಕರೆದುಕೊಳ್ಳುವ ಮುಂಚೆ ವಿಚಾರಿಸತಕ್ಕದ್ದು.

ಹಳಕಟ್ಟಿಯವರಿಗೆ ಸರಕಾರವು ರಾವಬಹಾದ್ದೂರ ಪದವಿಯನ್ನು ಕೊಟ್ಟಿತು. ಜನರು ವಚನಪಿತಾಮಹರೆಂದು ಕರೆದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅದೇ ವರ್ಷ ನವೆಂಬರ 1ರಂದು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ಮೈಸೂರಿನೊಡನೆ ಒಂದಾದವು. ತರುಣನಾಗಿ ಮುಂಬಯಿಯಲ್ಲಿ ಕಂಡ ಕನಸು ಮುಪ್ಪಿನಲ್ಲಿ ಕಣ್ಣೆದುರು ನಿಂತಿತು. 1964ರ ಜೂನ್ 29ರಂದು, 84 ವರ್ಷ ತುಂಬಲು ಮೂರು ದಿನಗಳಿರುವಾಗ, ಅವರು ವಿಜಾಪುರದಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಶೋಧನ ಕೇಂದ್ರವು ಅದೇ ಊರಿನಲ್ಲಿ, ಅವರು ಕಟ್ಟಿದ ವಿದ್ಯಾಸಂಸ್ಥೆಯ ಆಶ್ರಯದಲ್ಲಿದೆ. ಈ ನಾಲ್ಕು ಸೀಮೆಗಳಿಂದ ಮೋಟಾರಿನಲ್ಲಿ ಒಂದೇ ದಿನದಲ್ಲಿ ಹೋಗಿ ಬರಬಹುದಾದ ದಾರಿ.